ಮೂರು ತಲೆಮಾರು, ಒಂದೇ ಹಡಗು: ಕ್ರೂಸ್ ಪ್ರವಾಸಕ್ಕೆ ಹೊರಟ ಕುಟುಂಬಕ್ಕೊಂದು ಕೈಪಿಡಿ

ಊರಿನಿಂದ ಅಪ್ಪ ಅಮ್ಮ ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದಾಗ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಪ್ರಶ್ನೆ ಇಲ್ಲಿನ ಕನ್ನಡ ಮನೆಗಳಲ್ಲೆಲ್ಲ ಏಳುತ್ತದೆ. ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್ ಮುಗಿದ ಮೇಲೆ ಉಳಿಯುವುದು ದಿನವಿಡೀ ಕಾರಿನಲ್ಲಿ ಕೂತು ಹೋಗುವ ಪ್ರವಾಸಗಳೇ. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಊಟವಾಗಬೇಕು, ಮಕ್ಕಳಿಗೆ ಹತ್ತು ನಿಮಿಷ ಸುಮ್ಮನೆ ಕೂರುವುದೇ ಶಿಕ್ಷೆ. ಇಂಥ ಮನೆಗೆ ಫ್ಲಾರಿಡಾದಿಂದ ಕೆರಿಬಿಯನ್ ಸಮುದ್ರದ ಕಡೆಗೆ ಹೊರಡುವ ದೊಡ್ಡ ಹಡಗಿನಷ್ಟು ಒಪ್ಪುವ ಪ್ರವಾಸ ಮತ್ತೊಂದಿಲ್ಲವೆಂಬುದು ನಮ್ಮ ಆರು ಜನರ ಕುಟುಂಬದ ಅನುಭವ. ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಮುಗಿಯಿತು. ಅಲ್ಲಿಂದ ಮುಂದೆ ಊರುಗಳೇ ನಮ್ಮ ಬಳಿಗೆ ಬರುತ್ತವೆ. ಹಗಲೆಲ್ಲ ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ತಮಗೆ ಬೇಕಾದ ಕಡೆ ಬೇಕಾದ ಹಾಗೆ ಇದ್ದು, ಸಂಜೆ ಒಂದೇ ಮೇಜಿನ ಸುತ್ತ ಸೇರುವ ಅನುಕೂಲ ಬೇರೆ ಯಾವ ರಜೆಯಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಈ ಕೈಪಿಡಿಯ ಸಲಹೆಗಳೆಲ್ಲ ಆ ಒಂದು ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಳ್ಳುವುದಕ್ಕಾಗಿಯೇ ಇವೆ.

ದೊಡ್ಡದು ಎಂದರೆ ಎಷ್ಟು ದೊಡ್ಡದು ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. 2024ರ ಜನವರಿ 27ರಂದು ಮಯಾಮಿಯಿಂದ ಮೊದಲ ಯಾನಕ್ಕೆ ಹೊರಟ ಐಕಾನ್ ಆಫ್ ದ ಸೀಸ್ ಹಡಗು 365 ಮೀಟರ್ ಉದ್ದವಿದೆ, ಅದಕ್ಕೆ 20 ಡೆಕ್‌ಗಳು, ಅಂದರೆ ಮಹಡಿಗಳು ಇವೆ. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು, ಅವರ ಜೊತೆಗೆ ಎರಡು ಸಾವಿರಕ್ಕೂ ಹೆಚ್ಚು ಸಿಬ್ಬಂದಿ. ಅದರ ಗಾತ್ರ ಸುಮಾರು 2,48,000 ಗ್ರಾಸ್ ಟನ್. ಟೈಟಾನಿಕ್ ಹಡಗಿನದು 46,000 ಚಿಲ್ಲರೆ. (ಇಲ್ಲಿ ಟನ್ ಎಂದಾಗ ತೂಕವೆಂದು ಬಹಳ ಜನ ತಿಳಿಯುತ್ತಾರೆ, ಗ್ರಾಸ್ ಟನ್ ಎನ್ನುವುದು ಹಡಗಿನ ಒಳಗಿನ ಒಟ್ಟು ಜಾಗದ ಅಳತೆ.) ನಮ್ಮ ಕಡೆಯ ಒಂದು ಹೋಬಳಿ ಊರಿನ ಜನವೆಲ್ಲ ಒಂದೇ ಕಟ್ಟಡದಲ್ಲಿ ಇದ್ದು, ಆ ಕಟ್ಟಡ ರಾತ್ರಿಯೆಲ್ಲ ನೀರಿನ ಮೇಲೆ ಸಾಗುತ್ತಿದ್ದರೆ ಹೇಗೋ ಹಾಗೆ. ಇದನ್ನೆಲ್ಲ ಏಳು ದಿನಗಳಲ್ಲಿ ನೋಡಿ ಮುಗಿಸುತ್ತೇವೆ ಎಂದು ಹೊರಟವರು ದಣಿದು ಮನೆಗೆ ಮರಳುತ್ತಾರೆ.

ಹಡಗು, ಕಾಲ, ಕೋಣೆ

ಮೊದಲ ಸಲ ಹೋಗುವವರಿಗೆ ನಾಲ್ಕೈದು ರಾತ್ರಿಗಳ ಯಾನ ಸಾಕೆಂದು ಹೇಳುವವರಿದ್ದಾರೆ. ಹಿರಿಯರು ಜೊತೆಗಿದ್ದರೆ ಏಳು ರಾತ್ರಿಗಳದ್ದೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮೊದಲ ಎರಡು ದಿನ ದಾರಿ ಗುರುತು ಹಿಡಿಯುವುದರಲ್ಲೇ ಕಳೆಯುತ್ತವೆ. ಮೂರನೆಯ ದಿನದಿಂದಲೇ ಅಪ್ಪ ಯಾರನ್ನೂ ಕೇಳದೆ ತಮ್ಮ ಕಾಫಿಯ ಜಾಗಕ್ಕೆ ತಾವೇ ಹೋಗತೊಡಗುತ್ತಾರೆ. ಅಟ್ಲಾಂಟಿಕ್ ಭಾಗದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆ ತಿಂಗಳುಗಳಲ್ಲಿ ದರ ಇಳಿದಿರಬಹುದು, ಆದರೆ ಹವಾಮಾನ ನೋಡಿಕೊಂಡು ಕ್ಯಾಪ್ಟನ್ ದಾರಿ ಬದಲಿಸುವುದು, ಒಂದು ಬಂದರನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಸಾಮಾನ್ಯ. ಇಂಥದೇ ದ್ವೀಪ ನೋಡಬೇಕು ಎಂದು ಹಟವಿದ್ದವರು ಆ ಕಾಲವನ್ನು ಬಿಡುವುದು ಒಳ್ಳೆಯದು.

ಕೋಣೆಯ ಆಯ್ಕೆಗೆ ಹಡಗಿನ ಡೆಕ್ ನಕ್ಷೆಯನ್ನು ಎದುರಿಗಿಟ್ಟುಕೊಂಡು ಒಂದು ಸಂಜೆಯನ್ನಾದರೂ ಖರ್ಚು ಮಾಡಿ. ಹಡಗು ತೂಗುವುದು ಅತಿ ಕಡಿಮೆ ತಿಳಿಯುವುದು ಉದ್ದದ ನಡುಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ. ಮೂತಿಯ ಕಡೆ ಮೇಲಿನ ಡೆಕ್‌ನಲ್ಲಿ ಮಲಗಿದವರಿಗೆ ಅದೇ ಅಲೆ ಎರಡು ಪಟ್ಟಾಗಿ ಕಾಣುತ್ತದೆ. ಈಜುಕೊಳದ ಡೆಕ್‌ಗೆ ನೇರ ಕೆಳಗಿನ ಕೋಣೆಯಲ್ಲಿ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ, ನಾಟಕಶಾಲೆಯ ಮೇಲಿನ ಕೋಣೆಯಲ್ಲಿ ರಾತ್ರಿ ಹನ್ನೊಂದರವರೆಗೆ ಡ್ರಮ್ ಕೇಳುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಬರೀ ಕೋಣೆಗಳೇ ಇರುವ ಡೆಕ್ ಆರಿಸಿದರೆ ಈ ತೊಂದರೆಯಿಲ್ಲ. ಅಜ್ಜ ಅಜ್ಜಿಗೆ ಲಿಫ್ಟಿನಿಂದ ಏಳೆಂಟು ಬಾಗಿಲಿನೊಳಗೆ ಕೋಣೆ ಸಿಗುವಂತೆ ನೋಡಿಕೊಳ್ಳಿ. ಈ ಹಡಗುಗಳ ಓಣಿ ಎಷ್ಟು ಉದ್ದವಿರುತ್ತದೆ ಎಂದರೆ, ಮರೆತ ಕನ್ನಡಕ ತರಲು ಹೋದವರು ಹಿಂದಿರುಗುವಷ್ಟರಲ್ಲಿ ತಟ್ಟೆಯಲ್ಲಿನ ಊಟ ಆರಿರುತ್ತದೆ. ಬಾಲ್ಕನಿ ಇರುವ ಒಂದು ಕೋಣೆಯನ್ನು ಹಿರಿಯರಿಗೆ ಕೊಟ್ಟು, ಅದಕ್ಕೆ ಒಳಬಾಗಿಲು ಇರುವ ಪಕ್ಕದ ಕೋಣೆಯನ್ನು ನಾವು ನಾಲ್ವರು ಹಿಡಿದದ್ದು ನಮ್ಮ ಮಟ್ಟಿಗೆ ಒಳ್ಳೆಯ ಏರ್ಪಾಡಾಯಿತು. ಕಿಟಕಿಯಿಲ್ಲದ ಒಳಕೋಣೆ ಅಗ್ಗ, ನಿದ್ದೆಗೂ ಒಳ್ಳೆಯದು, ಆದರೆ ದೀಪ ಆರಿಸಿದರೆ ಕೈ ಕಣ್ಣಿಗೆ ಕಾಣದಷ್ಟು ಕತ್ತಲು; ಅಂಥ ಕೋಣೆ ಹಿಡಿದವರು ಚಿಕ್ಕದೊಂದು ಬ್ಯಾಟರಿ ದೀಪವನ್ನು ಮರೆಯಬಾರದು.

ಬಚ್ಚಲಿನ ಬಗ್ಗೆ ಹಿರಿಯರಿಗೆ ಮೊದಲೇ ಹೇಳಿಡಿ. ಎಷ್ಟೋ ಹಡಗುಗಳಲ್ಲಿ ಬಚ್ಚಲಿನ ಬಾಗಿಲಿಗೆ ನಮ್ಮ ಹಳೆಯ ಮನೆಗಳ ಹಾಗೆ ಎತ್ತರದ ಹೊಸ್ತಿಲಿರುತ್ತದೆ, ರಾತ್ರಿ ಎದ್ದವರು ಎಡವುವುದು ಅಲ್ಲಿಯೇ. ಶೌಚಾಲಯ ವಿಮಾನದಲ್ಲಿನಂತೆ ಗಾಳಿಯ ಸೆಳೆತದಿಂದ ಕೆಲಸ ಮಾಡುವುದರಿಂದ ಗುಂಡಿ ಒತ್ತಿದ ಕೂಡಲೇ ದೊಡ್ಡ ಸದ್ದಾಗುತ್ತದೆ. ನೀರಿನ ಪೈಪು ಇರುವುದಿಲ್ಲವಾದ್ದರಿಂದ ಮನೆಯಿಂದ ಒಂದು ಚಿಕ್ಕ ಚೊಂಬನ್ನೋ ಪ್ಲಾಸ್ಟಿಕ್ ಮಗ್ಗನ್ನೋ ಪೆಟ್ಟಿಗೆಗೆ ಹಾಕಿಕೊಳ್ಳಿ. ಇದನ್ನು ಬರೆಯಬೇಕೇ ಎಂದು ಯೋಚಿಸಿದೆ. ಮುದುಕರಿಗೆ ಈ ಒಂದು ಅನುಕೂಲ ಬಾಲ್ಕನಿಗಿಂತಲೂ ಹೆಚ್ಚಿನದು ಎಂಬ ಕಾರಣಕ್ಕೆ ಬರೆದಿದ್ದೇನೆ.

ಕಾಗದಪತ್ರ ಮತ್ತು ಪೆಟ್ಟಿಗೆ

ಮಯಾಮಿಯಿಂದ ಹೊರಟು ಮಯಾಮಿಗೇ ಬರುವ ಹಡಗಿಗೆ ವೀಸಾದ ಮಾತೇಕೆ ಎಂದು ಕೆಲವರು ಕೇಳುತ್ತಾರೆ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾದವು. ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಸುತ್ತಿ ಬರುವ ಇಂಥ ವಿದೇಶಿ ಹಡಗು ನಡುವೆ ಒಂದಾದರೂ ವಿದೇಶಿ ಬಂದರಿಗೆ ಹೋಗಲೇಬೇಕು ಎಂಬ ಕಟ್ಟಳೆ 1886ರ ಕಾನೂನಿನಿಂದ ಬಂದಿದೆ. ಹಾಗಾಗಿ ನಾವು ದೇಶ ಬಿಟ್ಟು ಮತ್ತೆ ದೇಶದೊಳಗೆ ಬರುತ್ತೇವೆ, ಹಿಂದಿರುಗಿದ ಬೆಳಗ್ಗೆ ವಲಸೆ ಅಧಿಕಾರಿಯ ಎದುರು ನಿಲ್ಲುತ್ತೇವೆ. ತಂದೆತಾಯಿಯರ ವೀಸಾ ಹಲವು ಸಲ ಪ್ರವೇಶಕ್ಕೆ ಅವಕಾಶವಿರುವಂಥದ್ದೇ ಎಂದು ನೋಡಿಕೊಳ್ಳಿ. ಕೆಲಸದ ವೀಸಾದ ಮೇಲೆ ಇರುವವರು ಪಾಸ್‌ಪೋರ್ಟಿನಲ್ಲಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ವಕೀಲರನ್ನು ಕೇಳಬೇಕು. ಹಡಗು ಮುಟ್ಟುವ ಪ್ರತಿಯೊಂದು ದೇಶಕ್ಕೂ ಭಾರತೀಯ ಪಾಸ್‌ಪೋರ್ಟಿಗೆ ಏನು ಬೇಕು ಎಂಬುದನ್ನು ಹಡಗಿನ ಕಂಪನಿಯಿಂದ ಬರಹದಲ್ಲೇ ಪಡೆದಿಟ್ಟುಕೊಳ್ಳಿ. ಅಮೆರಿಕದ ಪೌರರಾದ ಮಕ್ಕಳಿಗೆ ಹೊರಟ ಬಂದರಿಗೇ ಮರಳುವ ಯಾನದಲ್ಲಿ ಜನನ ಪತ್ರ ಸಾಕಾಗಬಹುದಾದರೂ, ನಡುವೆ ಯಾರಿಗಾದರೂ ಆರೋಗ್ಯ ಕೆಟ್ಟು ವಿಮಾನದಲ್ಲಿ ಮರಳಬೇಕಾದರೆ ಪಾಸ್‌ಪೋರ್ಟ್ ಬೇಕೇ ಬೇಕು.

ಹಿರಿಯರಿಗೆ ಪ್ರವಾಸ ವಿಮೆ ಮಾಡಿಸುವಾಗ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚೂ ಅದರೊಳಗೆ ಬರುತ್ತದೆಯೇ ಎಂದು ಓದಿ ನೋಡಿ. ಹಡಗಿನಲ್ಲಿ ವೈದ್ಯರು, ದಾದಿಯರು ಇರುತ್ತಾರೆ, ಆದರೆ ಅಲ್ಲಿನ ಶುಲ್ಕ ಟಿಕೆಟಿನಲ್ಲಿ ಸೇರಿರುವುದಿಲ್ಲ. ಆರು ತಿಂಗಳಿಗಿಂತ ಚಿಕ್ಕ ಕೂಸನ್ನೂ, 24 ವಾರ ತುಂಬಿದ ಬಸುರಿಯರನ್ನೂ ದೊಡ್ಡ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಪೆಟ್ಟಿಗೆ ತುಂಬುವಾಗ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ರೈಸ್ ಕುಕ್ಕರ್, ಊದುಬತ್ತಿ, ಕರ್ಪೂರ ಇವು ಯಾವುವನ್ನೂ ಒಯ್ಯಬೇಡಿ. ಹಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚಿನ ಭಯ ಬೆಂಕಿಯದು, ಆದ್ದರಿಂದ ತಪಾಸಣೆಯಲ್ಲಿ ಇವೆಲ್ಲ ಪಕ್ಕಕ್ಕೆ ಹೋಗುತ್ತವೆ. ಮನೆಯಲ್ಲಿ ಮಾಡಿದ ಅಡುಗೆಯನ್ನೂ ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಕೊಂಡ, ಮುದ್ರೆ ಒಡೆಯದ ಪೊಟ್ಟಣಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ನಾವು ಕೊಂಡ ಚಟ್ನಿಪುಡಿ, ಕೋಡುಬಳೆ, ಇನ್‌ಸ್ಟಂಟ್ ಕಾಫಿಪುಡಿಗಳ ಪೊಟ್ಟಣ ಒಯ್ದೆವು. ಕೋಣೆಯ ಗೋಡೆಗಳು ಬಹುಮಟ್ಟಿಗೆ ಲೋಹದವಾದ್ದರಿಂದ ನಾಲ್ಕು ಅಯಸ್ಕಾಂತದ ಕೊಕ್ಕೆಗಳಿದ್ದರೆ ಒದ್ದೆ ಈಜುಡುಗೆಗೂ ಅಜ್ಜನ ಟೋಪಿಗೂ ಜಾಗವಾಗುತ್ತದೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗಿನ ಎ.ಸಿ. ಕೊರೆಯುತ್ತದೆ, ಹಿರಿಯರಿಗೆ ಸ್ವೆಟರ್, ಶಾಲು ಇರಲಿ. ಒಂದು ಒಳ್ಳೆಯ ರೇಷ್ಮೆ ಸೀರೆಯೂ ಇರಲಿ. ಹೆಚ್ಚಿನ ಹಡಗುಗಳಲ್ಲಿ ಒಂದೆರಡು ರಾತ್ರಿ ಎಲ್ಲರೂ ಚೆನ್ನಾಗಿ ಉಟ್ಟು ತೊಟ್ಟು ಊಟಕ್ಕೆ ಬರುವ ಪದ್ಧತಿಯಿದೆ. ಅಂದು ಅಮ್ಮ ಮೈಸೂರು ರೇಷ್ಮೆ ಉಟ್ಟು ಲಿಫ್ಟಿನೊಳಗೆ ಕಾಲಿಟ್ಟಾಗ ಮಾತು ನಿಲ್ಲಿಸಿ ನೋಡಿದ ಜನರ ಮುಖ ನಮ್ಮ ಮಕ್ಕಳಿಗೆ ಇನ್ನೂ ನೆನಪಿದೆ.

ಹತ್ತಿದ ದಿನ

ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರಿಗೆ ಬಂದು ಉಳಿಯಿರಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆಗಳು ಕೋಣೆಗೆ ಬರುವುದು ಸಂಜೆಯಾಗಬಹುದು, ಒಮ್ಮೊಮ್ಮೆ ರಾತ್ರಿಯೂ ಆಗಬಹುದು. ನಮ್ಮ ಮೊದಲ ಯಾನದಲ್ಲಿ ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಗಳು ದೊಡ್ಡ ಪೆಟ್ಟಿಗೆಯೊಳಗೇ ಉಳಿದುಬಿಟ್ಟವು, ಅದು ಬಂದದ್ದು ರಾತ್ರಿ ಒಂಬತ್ತಕ್ಕೆ. ಅಷ್ಟು ಹೊತ್ತು ನಾನು ಕೋಣೆಗೂ ಓಣಿಗೂ ತಿರುಗಿದ್ದೇ ಆಯಿತು. ಔಷಧಿ, ಪಾಸ್‌ಪೋರ್ಟ್, ಮಕ್ಕಳ ಈಜುಡುಗೆ, ಒಂದು ಜೊತೆ ಬಟ್ಟೆ ಇಷ್ಟು ಕೈಚೀಲದಲ್ಲೇ ಇರಬೇಕು.

ಹತ್ತಿದ ಮೊದಲ ಗಂಟೆಯಲ್ಲಿ ಮಾಡಬೇಕಾದ ಕೆಲಸ ಸುರಕ್ಷತೆಯ ಕವಾಯತು. ಈಗ ಹಲವು ಹಡಗುಗಳಲ್ಲಿ ಮೊಬೈಲಿನ ಆ್ಯಪ್‌ನಲ್ಲೋ ಕೋಣೆಯ ಟಿ.ವಿ.ಯಲ್ಲೋ ವಿಡಿಯೊ ನೋಡಿ, ಬಳಿಕ ನಮಗೆ ಗೊತ್ತುಮಾಡಿದ ಸೇರುವ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿದರೆ ಮುಗಿಯುತ್ತದೆ. ಇದನ್ನು ಕಾಟಾಚಾರಕ್ಕೆ ಮಾಡಬಾರದು. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಆ ದಿನ ಹೊಸದಾಗಿ ಹತ್ತಿದ ನೂರಾರು ಜನರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಅದರ ನಂತರವೇ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಕವಾಯತು ಆಗಲೇಬೇಕೆಂಬ ನಿಯಮ ಎಲ್ಲೆಡೆ ಬಿಗಿಯಾಯಿತು. ಅಪಾಯದ ಸದ್ದು ಎಂದರೆ ಏಳು ಚಿಕ್ಕ ಕೂಗು, ಒಂದು ಉದ್ದನೆಯ ಕೂಗು. ವಿಡಿಯೊದ ಇಂಗ್ಲಿಷ್ ಹಿರಿಯರಿಗೆ ತಿಳಿಯಿತೆಂದು ಭಾವಿಸದೆ, ಅವರ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿ: ಈ ಸದ್ದು ಕೇಳಿದರೆ ನಮ್ಮನ್ನು ಹುಡುಕಿಕೊಂಡು ಅಲೆಯಬೇಡಿ, ಲಿಫ್ಟ್ ಹಿಡಿಯಬೇಡಿ, ಮೆಟ್ಟಿಲಿಳಿದು ನೇರ ಈ ಜಾಗಕ್ಕೆ ಬನ್ನಿ, ನಾವೂ ಮಕ್ಕಳೂ ಅಲ್ಲಿಗೇ ಬರುತ್ತೇವೆ. ಆ ದಾರಿಯನ್ನು ಒಮ್ಮೆ ಅವರ ಜೊತೆ ನಡೆದು ತೋರಿಸಿ.

ಅದೇ ದಿನ ಮಕ್ಕಳ ಕ್ಲಬ್ಬಿಗೆ ಹೆಸರು ಬರೆಸಿಬಿಡಿ. ಸಾಮಾನ್ಯವಾಗಿ ಮೂರು ವರ್ಷ ತುಂಬಿದ, ಡೈಪರ್ ಬಿಟ್ಟ ಮಕ್ಕಳಿಗೆ ಪ್ರವೇಶ. ವಯಸ್ಸಿಗೆ ತಕ್ಕಂತೆ ಗುಂಪುಗಳಿರುತ್ತವೆ. ಮಗುವನ್ನು ಹಿಂದಕ್ಕೆ ಕರೆದುಕೊಂಡು ಹೋಗಬಹುದಾದವರ ಪಟ್ಟಿಯಲ್ಲಿ ಅಜ್ಜ ಅಜ್ಜಿಯ ಹೆಸರನ್ನೂ ಸೇರಿಸಿ, ಇಲ್ಲವಾದರೆ ಅಲ್ಲಿಗೆ ಹೋದ ಅಜ್ಜಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಮೊಬೈಲುಗಳನ್ನು ಹಡಗು ಬಂದರು ಬಿಡುವ ಮೊದಲೇ ಏರ್‌ಪ್ಲೇನ್ ಮೋಡಿಗೆ ಹಾಕಿ. ಸಮುದ್ರದ ಮೇಲೆ ಫೋನು ಹಡಗಿನ ಉಪಗ್ರಹ ಜಾಲವನ್ನು ತಾನಾಗಿಯೇ ಹಿಡಿದುಕೊಂಡರೆ ಬಿಲ್ಲು ಭಾರಿಯಾಗುತ್ತದೆ. ಹಡಗಿನ ವೈ-ಫೈ ಬೇಕಿದ್ದರೆ ಒಂದೆರಡು ಫೋನುಗಳಿಗೆ ಸಾಕು. ಉಳಿದದ್ದಕ್ಕೆ ಕೋಣೆಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. "ಅಜ್ಜ, ನಾನು ನೀರು ಜಾರುಬಂಡೆಗೆ ಹೋಗಿದೀನಿ, ಹನ್ನೆರಡಕ್ಕೆ ಬರ್ತೀನಿ" ಎಂದು ಒಂಬತ್ತು ವರ್ಷದ ಮಗಳು ಅದರಲ್ಲಿ ಬರೆದಿಟ್ಟು ಹೋದದ್ದು, ಅದರ ಕೆಳಗೆ ಅಪ್ಪ ತಮ್ಮ ದುಂಡನೆಯ ಅಕ್ಷರದಲ್ಲಿ "ಸರಿ ಮಗಳೇ, ನಾನು ಡೆಕ್ 5, ನೆರಳಿನ ಕಡೆ" ಎಂದು ಉತ್ತರ ಬರೆದದ್ದು, ಆ ಪುಟವನ್ನು ನಾನು ಹರಿದು ಎತ್ತಿಟ್ಟುಕೊಂಡಿದ್ದೇನೆ.

ಊಟ

ಹಿರಿಯರು ಹಡಗು ಹತ್ತಲು ಹಿಂಜರಿಯುವುದು ಊಟದ ಕಾರಣಕ್ಕೆ. ಸಸ್ಯಾಹಾರ, ಜೈನ ಆಹಾರ ಬೇಕೆಂದಿದ್ದರೆ ಟಿಕೆಟ್ ಕೊಂಡಾಗಲೇ ಬರಹದಲ್ಲಿ ತಿಳಿಸಿ. ಹತ್ತಿದ ಮೇಲೆ ಇನ್ನೊಮ್ಮೆ ಊಟದ ಮನೆಯ ಮುಖ್ಯ ವೇಟರ್‌ಗೆ ನೆನಪಿಸಿ. ಟಿಕೆಟಿನಲ್ಲೇ ಸೇರಿದ ಊಟಕ್ಕೆ ಎರಡು ಮುಖ್ಯ ಜಾಗಗಳಿರುತ್ತವೆ: ಬೇಕಾದ್ದನ್ನು ಬಡಿಸಿಕೊಳ್ಳುವ ಬಫೆ, ಕೂತವರಿಗೆ ತಂದು ಬಡಿಸುವ ಮುಖ್ಯ ಊಟದ ಮನೆ. ಬೆಳಗಿನ ತಿಂಡಿಗೆ, ಮಧ್ಯಾಹ್ನಕ್ಕೆ ಬಫೆ ಸಾಕು. ರಾತ್ರಿಯ ಊಟಕ್ಕೆ ಮಾತ್ರ ಏಳು ದಿನವೂ ಅದೇ ಮೇಜು, ಅದೇ ವೇಟರ್, ಅದೇ ಹೊತ್ತು ಇರುವ ಪದ್ಧತಿಯನ್ನೇ ಆರಿಸಿ ಎಂದು ಒತ್ತಾಯದಿಂದ ಹೇಳುತ್ತೇನೆ. ಸಂಜೆ ಐದೂವರೆ ಆರರ ಮೊದಲ ಪಂಕ್ತಿ ಮಕ್ಕಳಿಗೂ ಮುದುಕರಿಗೂ ಹೊಂದುತ್ತದೆ. ಅದೇ ವೇಟರ್ ಎರಡನೆಯ ದಿನಕ್ಕೆ ಅಪ್ಪನಿಗೆ ತಣ್ಣೀರು ಬೇಡ ಬಿಸಿನೀರು ಬೇಕೆಂದು ತಿಳಿದುಕೊಂಡಿರುತ್ತಾನೆ, ಮೂರನೆಯ ದಿನ ಕೇಳದೆಯೇ ಹಸಿಮೆಣಸಿನಕಾಯಿ ತಂದಿಡುತ್ತಾನೆ.

ಸಿಬ್ಬಂದಿಯ ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿನ ಕೆಳಗೆ ದೇಶದ ಹೆಸರೂ ಇರುವುದು ವಾಡಿಕೆ. ಗೋವಾ, ಮುಂಬೈ, ಕೇರಳ, ನಮ್ಮ ಕರಾವಳಿ, ಈ ಕಡೆಗಳಿಂದ ಹಡಗಿನ ಕೆಲಸಕ್ಕೆ ಹೋಗುವವರು ಬಹಳ. ಎರಡನೆಯ ರಾತ್ರಿ ಅಮ್ಮ ಒಬ್ಬ ಹುಡುಗನ ಪಟ್ಟಿಯಲ್ಲಿ ಇಂಡಿಯಾ ಎಂದು ಓದಿಸಿಕೊಂಡು, "ಯಾವ ಊರಪ್ಪ ನಿಂದು?" ಎಂದು ನೇರ ಕನ್ನಡದಲ್ಲೇ ಕೇಳಿದರು. ಕೈಯಲ್ಲಿದ್ದ ತಟ್ಟೆಗಳನ್ನು ಹಾಗೆಯೇ ಹಿಡಿದುಕೊಂಡು ಆತ ಒಂದು ಕ್ಷಣ ನಿಂತ. "ಕುಂದಾಪುರದ ಹತ್ರ ಅಮ್ಮ. ನಾಳೆ ನಿಮಗೆ ಎಂತ ಮಾಡಿಸ್ಲಿ?" ಎಂದ. ಮರುರಾತ್ರಿ ಅನ್ನ, ತೊವ್ವೆ, ಒಂದು ಪಲ್ಯ ನಮ್ಮ ಮೇಜಿಗೆ ಬಂದವು. ಎಲ್ಲರಿಗೂ ಊರಿನ ಹುಡುಗ ಸಿಗುತ್ತಾನೆ ಎಂದು ಹೇಳಲಾರೆ, ಆದರೆ ಮುಖ್ಯ ವೇಟರ್‌ಗೆ ಒಂದು ದಿನ ಮೊದಲೇ ಹೇಳಿದರೆ ಮರುದಿನಕ್ಕೆ ಭಾರತೀಯ ಅಡುಗೆ ಮಾಡಿಸಿಕೊಡುವುದು ದೊಡ್ಡ ಹಡಗುಗಳಲ್ಲಿ ಸಾಮಾನ್ಯವಾದ ಮರ್ಯಾದೆ. ಆ ದಿನವೇ ಬೇಕೆಂದರೆ ಆಗುವುದಿಲ್ಲ. ಸಾವಿರಾರು ಜನರ ಅಡುಗೆಮನೆಗೆ ಒಂದು ದಿನದ ಸಮಯ ಕೊಡುವುದು ನ್ಯಾಯ. ಈ ಹುಡುಗರು ಆರರಿಂದ ಒಂಬತ್ತು ತಿಂಗಳ ಕರಾರಿನ ಮೇಲೆ ಮನೆ ಬಿಟ್ಟು ಬಂದಿರುತ್ತಾರೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡಿ. ಹೆಸರು ಹಿಡಿದು ಮಾತನಾಡಿಸುವುದನ್ನು, ತಟ್ಟೆ ತಂದಾಗ ಕೈಯಲ್ಲಿನ ಆಟ ನಿಲ್ಲಿಸುವುದನ್ನು ಅವರು ಅಲ್ಲಿಯೇ ಕಲಿಯಲಿ.

ಶುದ್ಧ ಸಸ್ಯಾಹಾರಿಗಳು ಕೆಲವು ವಿಷಯಗಳಲ್ಲಿ ಎಚ್ಚರವಾಗಿರಬೇಕು. ತರಕಾರಿ ಸೂಪನ್ನು ಕೋಳಿಯ ರಸದಲ್ಲಿ ಕುದಿಸಿರಬಹುದು. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್, ಕೆಲವು ಸಿಹಿತಿಂಡಿಗಳಲ್ಲಿ ಜೆಲಟಿನ್ ಇರುತ್ತದೆ. ಮೆಕ್ಸಿಕೊದ ಬಂದರಿನಲ್ಲಿ ಇಳಿದು ತಿನ್ನುವ ಹುರುಳಿಯ ಪಲ್ಯಕ್ಕೆ ಹಂದಿಯ ಕೊಬ್ಬು ಹಾಕಿರಬಹುದು. ಕೇಳಿಯೇ ತಿನ್ನಿ. ಮೊಸರನ್ನದ ದಾರಿಯನ್ನು ಕಂಡುಹಿಡಿದವರು ಅಮ್ಮನೇ. ಬಫೆಯಲ್ಲಿ ಬೆಳಗ್ಗೆ ಸಕ್ಕರೆಯಿಲ್ಲದ ಗಟ್ಟಿ ಮೊಸರು ಇರುತ್ತದೆ, ಮಧ್ಯಾಹ್ನ ಬಿಳಿ ಅನ್ನ ಇರುತ್ತದೆ. ಬೆಳಗ್ಗೆಯೇ ಒಂದು ಬಟ್ಟಲು ಮೊಸರು ತಂದು ಕೋಣೆಯ ಚಿಕ್ಕ ಫ್ರಿಜ್ಜಿನಲ್ಲಿಟ್ಟು, ಮಧ್ಯಾಹ್ನ ಅದಕ್ಕೆ ಅನ್ನ ಕಲಸಿ, ಸಲಾಡಿನ ಮೇಜಿನಿಂದ ಸೌತೆಕಾಯಿ ಚೂರು ತಂದು ಬೆರೆಸಿ, ಮೇಲೆ ಚಟ್ನಿಪುಡಿ ಉದುರಿಸಿ, ಬಾಲ್ಕನಿಯಲ್ಲಿ ಸಮುದ್ರ ನೋಡುತ್ತಾ ಉಂಡರು. ಕಾಫಿಗೂ ಇದೇ ಉಪಾಯ: ಬಫೆಯಲ್ಲಿ ಬಿಸಿನೀರು, ಬಿಸಿಹಾಲು ಹೊತ್ತುಹೊತ್ತಿಗೂ ಸಿಗುತ್ತವೆ, ಪುಡಿ ನಮ್ಮದಿದ್ದರೆ ಸಾಕು. ಕುಡಿಯುವ ನೀರಿನ ಬಾಟಲಿಗೆ ಹಣ ಕೊಡಬೇಡಿ. ಸಮುದ್ರದ ನೀರನ್ನು ಬಟ್ಟಿ ಇಳಿಸಿ, ಶೋಧಿಸಿ ಹಡಗಿನಲ್ಲೇ ತಯಾರಿಸಿದ ಸಿಹಿನೀರು ನಲ್ಲಿಯಲ್ಲೇ ಬರುತ್ತದೆ, ಕುಡಿಯಲು ಯೋಗ್ಯವಾಗಿರುತ್ತದೆ.

ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯುವುದನ್ನು ಮಕ್ಕಳಿಂದ ಕಡ್ಡಾಯವಾಗಿ ಮಾಡಿಸಿ. ಹಡಗಿನಲ್ಲಿ ಬೇಗ ಹಬ್ಬುವ ವಾಂತಿಭೇದಿಯ ವೈರಸ್ ನೊರೊವೈರಸ್. ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು.

ಸಮುದ್ರದ ಮೇಲಿನ ದಿನಗಳು

ಯಾವ ಬಂದರಿಗೂ ಹೋಗದೆ ದಿನವಿಡೀ ಸಾಗುವ ದಿನಗಳನ್ನು ಖಾಲಿ ದಿನಗಳೆಂದು ತಿಳಿಯಬೇಡಿ. ನನಗೆ ಹಡಗಿನ ಸಾರವೇ ಆ ದಿನಗಳಲ್ಲಿದೆ. ಹಿಂದಿನ ರಾತ್ರಿ ಮರುದಿನದ ಕಾರ್ಯಕ್ರಮಗಳ ಪಟ್ಟಿ ಬರುತ್ತದೆ. ಅದರಲ್ಲಿ ಅರವತ್ತೆಪ್ಪತ್ತು ಬಾಬತ್ತುಗಳಿದ್ದರೂ ಒಬ್ಬೊಬ್ಬರು ತಮಗೆ ಬೇಕಾದ ಎರಡನ್ನು ಮಾತ್ರ ಗುರುತು ಹಾಕಲಿ. ಎಲ್ಲರೂ ಒಟ್ಟಿಗೆ ನೋಡುವುದು ದಿನಕ್ಕೊಂದೇ ಇರಲಿ, ಸಂಜೆಯ ಊಟದ ಹಿಂದೆಯೋ ಮುಂದೆಯೋ ಬರುವ ನಾಟಕಶಾಲೆಯ ಪ್ರದರ್ಶನವೋ, ಐಸ್ ಮೇಲಿನ ನೃತ್ಯವೋ. ಉಳಿದ ಹೊತ್ತು ಯಾರು ಎಲ್ಲಿದ್ದಾರೆ ಎಂಬ ಚಿಂತೆ ಬಿಡಿ. ಹಡಗಿನಿಂದ ಯಾರೂ ದಾರಿ ತಪ್ಪಿ ಹೊರಗೆ ಹೋಗುವುದಿಲ್ಲ.

ಬೆಳಗಿನ ಆರಕ್ಕೆ ಎದ್ದು ಮೇಲಿನ ಡೆಕ್‌ಗೆ ಹೋದವರಿಗೆ ಇಡೀ ಹಡಗು ತಮ್ಮದೇ. ನಡೆಯುವ ಪಥದ ಪಕ್ಕದಲ್ಲಿ ಎಷ್ಟು ಸುತ್ತಿಗೆ ಒಂದು ಮೈಲಿ ಎಂದು ಬರೆದಿರುತ್ತದೆ. ಅಪ್ಪ ಊರಿನಲ್ಲಿ ಕೆರೆ ಏರಿಯ ಮೇಲೆ ನಡೆಯುವಂತೆಯೇ ಕೈ ಹಿಂದೆ ಕಟ್ಟಿಕೊಂಡು ಆ ಸುತ್ತುಗಳನ್ನು ಮುಗಿಸುತ್ತಿದ್ದರು. ಮೂರನೆಯ ಬೆಳಗ್ಗೆ ಅವರು ನನ್ನನ್ನು ಕೆಳಗಿನ ಡೆಕ್‌ನ ಕಟಾಂಜನದ ಬಳಿಗೆ ಕರೆದುಕೊಂಡು ಹೋಗಿ ಸುಮ್ಮನೆ ನಿಲ್ಲಲು ಹೇಳಿದರು. ಹಡಗಿನ ಪಕ್ಕೆಯಿಂದ ಒಡೆದು ಹೋಗುವ ಬಿಳಿ ನೊರೆಯ ಅಂಚಿನಿಂದ ಬೆರಳುದ್ದದ ಮೀನುಗಳು ಹಿಂಡಾಗಿ ಹಾರಿ, ರೆಕ್ಕೆಯಂಥ ಈಜುಗರಿಗಳನ್ನು ಹರಡಿಕೊಂಡು, ನೀರಿಗೆ ಒಂದು ಮೊಳ ಮೇಲೆ ತೇಲುತ್ತಾ ಹೋಗಿ ಮತ್ತೆ ಮುಳುಗುತ್ತಿದ್ದವು. ಹಾರುವ ಮೀನುಗಳನ್ನು ನೋಡಬೇಕಾದರೆ ಹದಿನಾರನೆಯ ಡೆಕ್‌ನಿಂದ ಆಗುವುದಿಲ್ಲ. ನೀರಿಗೆ ಹತ್ತಿರದ, ಸುತ್ತಲೂ ತೆರೆದಿರುವ ಡೆಕ್‌ಗೇ ಹೋಗಬೇಕು, ಸೂರ್ಯ ಬೆನ್ನಿಗಿರುವ ಕಡೆ ನಿಲ್ಲಬೇಕು.

ಈಜುಕೊಳ, ಜಾರುಬಂಡೆಗಳ ವಿಷಯದಲ್ಲಿ ಒಂದು ಲೆಕ್ಕವಿದೆ. ಸಮುದ್ರದ ದಿನಗಳಲ್ಲಿ ಹತ್ತರಿಂದ ನಾಲ್ಕರವರೆಗೆ ಅಲ್ಲಿ ಜಾತ್ರೆ. ಹಡಗು ಬಂದರಿನಲ್ಲಿ ನಿಂತು ಜನವೆಲ್ಲ ಇಳಿದು ಹೋದ ಬೆಳಗ್ಗೆ ಅದೇ ಜಾರುಬಂಡೆಗೆ ಸಾಲೇ ಇರುವುದಿಲ್ಲ. ಮೊದಲೇ ನೋಡಿದ ಊರಿನಲ್ಲಿ ಹಡಗು ನಿಂತಿದ್ದರೆ ಇಳಿಯದೆ ಉಳಿದು ಮಕ್ಕಳನ್ನು ನೀರಿಗೆ ಬಿಡಿ. ಡೈಪರ್ ಬಿಡದ ಕೂಸುಗಳನ್ನು ದೊಡ್ಡ ಕೊಳಗಳಿಗೆ ಇಳಿಸಲು ಬಿಡುವುದಿಲ್ಲ, ಅವಕ್ಕೆಂದೇ ಬೇರೆ ಚಿಮ್ಮುನೀರಿನ ಜಾಗವಿರುವ ಹಡಗನ್ನು ಆರಿಸಿಕೊಳ್ಳಬೇಕು. ಐಕಾನ್‌ನಂಥ ಹಡಗಿನಲ್ಲಿ ಚಿಕ್ಕ ಮಕ್ಕಳ ಕುಟುಂಬಗಳಿಗಾಗಿಯೇ ಸರ್ಫ್‌ಸೈಡ್ ಎಂಬ ಪ್ರತ್ಯೇಕ ಭಾಗವಿದೆ. ಕಾವಲುಗಾರರು ಇರಲಿ, ಇಲ್ಲದಿರಲಿ, ನೀರಿನಲ್ಲಿರುವ ಮಗುವಿನ ಮೇಲೆ ಮನೆಯವರ ಕಣ್ಣು ಇರಲೇಬೇಕು. ಆ ಹೊತ್ತಿನ ಕಾವಲು ಯಾರದು ಎಂದು ಬಾಯಿಬಿಟ್ಟು ಹೇಳಿಕೊಳ್ಳಿ.

ಸಮುದ್ರದ ಓಕರಿಕೆಗೆ ಕಾರಣ, ಕಣ್ಣಿಗೆ ಕೋಣೆ ನಿಂತಂತೆ ಕಂಡರೂ ಕಿವಿಯ ಒಳಗಿನ ಅಂಗಕ್ಕೆ ಚಲನೆ ತಿಳಿಯುವುದು. ಆದ್ದರಿಂದ ಕೋಣೆಯಲ್ಲಿ ಮಲಗಿ ಮೊಬೈಲ್ ನೋಡಿದರೆ ಅದು ಹೆಚ್ಚುತ್ತದೆ. ಹೊರಗೆ ಬಂದು ದಿಗಂತವನ್ನು ನೋಡುತ್ತ ನಿಂತರೆ ಇಳಿಯುತ್ತದೆ. ದೊಡ್ಡ ಹಡಗುಗಳಿಗೆ ನೀರಿನೊಳಗೆ ಎರಡೂ ಪಕ್ಕಕ್ಕೆ ಚಾಚುವ ರೆಕ್ಕೆಗಳಿದ್ದು ತೂಗಾಟವನ್ನು ಬಹಳಷ್ಟು ತಡೆಯುತ್ತವೆ. ಆದರೂ ಒಣಶುಂಠಿ ಜೊತೆಗಿರಲಿ. ಮೆಕ್ಲಿಜಿನ್ ಮಾತ್ರೆ ಕೆಲಸ ಮಾಡುತ್ತದೆ, ನಿದ್ದೆಯನ್ನೂ ತರುತ್ತದೆ. ಬೇರೆ ಔಷಧಿ ತೆಗೆದುಕೊಳ್ಳುವ ಹಿರಿಯರಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಬಂದರಿನಲ್ಲಿ

ಇಳಿಯುವ ಮೊದಲು ಹಡಗಿನ ಗಡಿಯಾರ ನೋಡಿ ಕೈಗಡಿಯಾರ ಹೊಂದಿಸಿಕೊಳ್ಳಿ. ಮೆಕ್ಸಿಕೊದ ಕೊಝುಮೆಲ್‌ನಂಥ ಕಡೆ ಊರಿನ ಸಮಯ ಬೇರೆ, ಹಡಗಿನ ಸಮಯ ಬೇರೆ ಇರಬಹುದು, ಮೊಬೈಲು ಊರಿನದನ್ನು ಹಿಡಿದುಬಿಡುತ್ತದೆ. ಹಿಂದಿರುಗಲು ಗೊತ್ತುಮಾಡಿದ ಹೊತ್ತಿಗೆ ಒಂದು ಗಂಟೆ ಮುಂಚೆಯೇ ಮರಳಿ. ಹಡಗಿನ ಮೂಲಕವೇ ಕೊಂಡ ಸುತ್ತಾಟ ತಡವಾದರೆ ಹಡಗು ಕಾಯುತ್ತದೆ. ನಾವೇ ಹಿಡಿದ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಹಿರಿಯರಿರುವ ಕುಟುಂಬಕ್ಕೆ ದೂರದ ಊರುಗಳಿಗೆ ಹಡಗಿನವರ ಬಸ್ಸು, ಬಹಾಮಾಸ್‌ನ ನಸ್ಸೋದಂಥ ಕಡೆ ಬಂದರಿಗೆ ಹತ್ತಿರದ ಪೇಟೆಗೆ ತಮ್ಮದೇ ನಡಿಗೆ, ಇದು ಸಾಕು. ಕೆಲವು ಕಂಪನಿಗಳಿಗೆ ಬಹಾಮಾಸ್‌ನಲ್ಲಿ ತಮ್ಮದೇ ದ್ವೀಪಗಳಿವೆ. ಕೊಕೊಕೇಯಂಥಲ್ಲಿ ಹಡಗು ನೇರ ಕಟ್ಟೆಗೇ ನಿಲ್ಲುವುದರಿಂದ ದೋಣಿ ಹತ್ತಿ ಇಳಿಯುವ ಕಷ್ಟ ಮಂಡಿನೋವಿನವರಿಗೆ ಇರುವುದಿಲ್ಲ. ಬಫೆಯ ಹಣ್ಣನ್ನು ಚೀಲದಲ್ಲಿಟ್ಟುಕೊಂಡು ಇಳಿಯಬಾರದು, ಕೃಷಿ ತಪಾಸಣೆಯಲ್ಲಿ ದಂಡ ಬೀಳುತ್ತದೆ.

ಲೆಕ್ಕ ಮತ್ತು ಕೊನೆಯ ರಾತ್ರಿ

ಹಡಗಿನಲ್ಲಿ ನಗದು ನಡೆಯುವುದಿಲ್ಲ, ಕೋಣೆಯ ಕಾರ್ಡೇ ಹಣ. ಮಕ್ಕಳ ಕಾರ್ಡಿನಿಂದ ಖರೀದಿಯಾಗದಂತೆ ಮೊದಲ ದಿನವೇ ಮಾಡಿಸಿ. ತಲೆಗೆ ಇಷ್ಟೆಂದು ದಿನದಿನವೂ ಸೇರುವ ಟಿಪ್ಸ್ ಮಕ್ಕಳಿಗೂ ಅನ್ವಯಿಸುತ್ತದೆ; ಟಿಕೆಟ್ ಕೊಳ್ಳುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿದರೆ ಕೊನೆಗೆ ಬೇಸರವಾಗುವುದಿಲ್ಲ. ಬಿಲ್ಲನ್ನು ಕೊನೆಯ ದಿನದ ಹಿಂದಿನ ಸಂಜೆಯೇ ಪರಿಶೀಲಿಸಿ, ಏಕೆಂದರೆ ಕೊನೆಯ ಬೆಳಗ್ಗೆ ವಿಚಾರಣೆಯ ಮೇಜಿನೆದುರು ಉದ್ದ ಸಾಲಿರುತ್ತದೆ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಪಟ್ಟಿ ಕಟ್ಟಿ ಬಾಗಿಲ ಹೊರಗಿಟ್ಟರೆ ಹಡಗಿನವರೇ ಕೆಳಗೆ ಸಾಗಿಸುತ್ತಾರೆ. ಮರುದಿನ ಉಡುವ ಬಟ್ಟೆ, ಚಪ್ಪಲಿ, ಔಷಧಿ, ಪಾಸ್‌ಪೋರ್ಟ್ ಒಳಗೇ ಉಳಿದಿವೆಯೇ ಎಂದು ಎರಡು ಸಲ ನೋಡಿ. ಮಧ್ಯಾಹ್ನದ ನಂತರದ ವಿಮಾನವನ್ನೇ ಕೊಂಡಿರಿ. ಮನೆಗೆ ಬಂದ ವಾರದೊಳಗೆ ತಂದೆತಾಯಿಯರ ಐ-94 ದಾಖಲೆಯನ್ನು (ಅವರು ಅಮೆರಿಕದಲ್ಲಿ ಯಾವ ದಿನದವರೆಗೆ ಇರಬಹುದೆಂದು ಹೇಳುವ ದಾಖಲೆ) ಸರಕಾರಿ ತಾಣದಲ್ಲಿ ತೆಗೆದು, ಅದರಲ್ಲಿರುವ ದಿನಾಂಕವನ್ನು ಅವರ ಹಿಂದಿರುಗುವ ಟಿಕೆಟಿನೊಂದಿಗೆ ಹೋಲಿಸಿ ನೋಡಿ.

ಆ ಕೊನೆಯ ಬೆಳಗ್ಗೆ ಮಾತ್ರ ಅಲಾರಂ ಐದಕ್ಕೆ ಇಡಿ. ಬಂದರು ಇನ್ನೂ ದೂರವಿರುವಾಗಲೇ ಚಿಕ್ಕ ದೋಣಿಯೊಂದು ಹಡಗಿನ ಪಕ್ಕಕ್ಕೆ ಬಂದು ಅಂಟಿಕೊಂಡು ಸಾಗುತ್ತದೆ. ಬಂದರಿನ ದಾರಿ ಬಲ್ಲ ಪೈಲಟ್ ಅದರಿಂದ ಹಗ್ಗದ ಏಣಿ ಹಿಡಿದು, ಎರಡೂ ಚಲಿಸುತ್ತಿರುವಾಗಲೇ, ಹಡಗಿನ ಪಕ್ಕೆಯ ಬಾಗಿಲಿಗೆ ಏರುತ್ತಾನೆ. ಬಾಲ್ಕನಿ ಆ ಪಕ್ಕಕ್ಕಿದ್ದರೆ ಇದು ನೇರ ಕೆಳಗೆ ಕಾಣುತ್ತದೆ. ನಾವು ಆರೂ ಜನ ಒಂದೇ ಬಾಲ್ಕನಿಯಲ್ಲಿ ಕಂಬಳಿ ಹೊದ್ದು ನಿಂತು ಅದನ್ನು ನೋಡಿದೆವು, ಆಮೇಲೆ ತಿಂಡಿಗೆ ಹೋದೆವು.